ಮನೆಯಲ್ಲಿ ಉಳಿದ ಒಂಬತ್ತು ಕಿಲೋ

ನಮ್ಮೂರಿನ ಮಕ್ಕಳಿಗೆ ಎರಡು ತೂಕ. ಒಂದು ಮನೆಯದು, ಒಂದು ಶಾಲೆಯದು. ಮನೆಯ ತೂಕವನ್ನು ತಿಂಗಳಿಗೊಂದು ಭಾನುವಾರ ನಾನೇ ಮನೆಮನೆಗೆ ಹೋಗಿ ತೂಗುತ್ತೇನೆ. ಹೆಗಲಿಗೆ ಕೊಕ್ಕೆಯ ತಕ್ಕಡಿ, ಕಂಕುಳಲ್ಲಿ ದಪ್ಪ ಬಟ್ಟೆಯದೊಂದು ಜೋಳಿಗೆ. ಜಂತೆಗೆ ಕೊಕ್ಕೆ ಸಿಕ್ಕಿಸಿ, ಮಗುವನ್ನು ಜೋಳಿಗೆಯಲ್ಲಿ ಕೂರಿಸಿ, ಅದು ನಗುವುದನ್ನು ನಿಲ್ಲಿಸುವವರೆಗೆ ಕಾದು, ಮುಳ್ಳು ನೋಡಿ ಬರೆದುಕೊಳ್ಳುತ್ತೇನೆ. ಶಾಲೆಯ ತೂಕ ದಿನಾ ಗೇಟಿನ ಬಳಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮನೆಯಲ್ಲಿ ಮೂವತ್ತು ಕಿಲೋ ತೂಗುವ ಮಗು ಶಾಲೆಯಲ್ಲಿ ಇಪ್ಪತ್ತಾರು ತೂಗಬಹುದು. ಆ ನಾಲ್ಕು ಕಿಲೋ ಮನೆಯಲ್ಲೇ ಇರುತ್ತದೆ. ಅದಕ್ಕೆ ನಾವು ಉಳಿಕೆ ಎನ್ನುತ್ತೇವೆ.

ಉಳಿಕೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಮಂಚದ ಮೇಲಿದ್ದರೆ ಮಂಚದ ಹಗ್ಗ ತಗ್ಗುತ್ತದೆ. ಕಸ ಗುಡಿಸುವ ಹೆಂಗಸರು ಖಾಲಿ ಮೂಲೆಯ ಕಡೆ ನೋಡಿ, "ಸ್ವಲ್ಪ ಕಾಲೆತ್ತು" ಎಂದು ಹೇಳಿ ಗುಡಿಸುತ್ತಾರೆ. ಮಕ್ಕಳನ್ನು ಸೈಕಲ್ಲಿನಲ್ಲಿ ಕರೆತರುವ ಅಪ್ಪಂದಿರಿಗೆ ಕೆರೆ ಕೋಡಿಯ ಮೋರಿ ದಾಟಿದ ಕೂಡಲೆ ಪೆಡಲು ಹಗುರಾಗುವುದು ಗೊತ್ತಾಗುತ್ತದೆ. ಕೆಲವರು ಅಲ್ಲಿ ಒಂದು ಗಳಿಗೆ ಹಿಂದಿರುಗಿ ನೋಡುತ್ತಾರೆ, ಹೆಚ್ಚಿನವರು ನೋಡುವುದಿಲ್ಲ. ಗಾಳಿ ಜೋರಿರುವ ದಿನಗಳಲ್ಲಿ ಹಗುರ ಮಕ್ಕಳು ಭಾರದ ಮಕ್ಕಳ ಕೈ ಹಿಡಿದುಕೊಂಡು ಮೈದಾನ ದಾಟಬೇಕೆಂದು ಶಾಲೆಯ ಗೋಡೆಯ ಮೇಲೆ ಬರೆಸಿದ್ದಾರೆ. ದೊಡ್ಡವರನ್ನು ಯಾರೂ ತೂಗುವುದಿಲ್ಲ.

ನಾನು ತೂಕದ ಮೇಷ್ಟ್ರು. ಪದವಿ ಮುಗಿಸಿ ಊರಿಗೆ ಬಂದಾಗ ಈ ಒಂದೇ ಕೆಲಸ ಖಾಲಿ ಇತ್ತು. ಮೊದಮೊದಲು ನನಗೆ ಇದರಲ್ಲಿ ಹಿಡಿಸಿದ್ದು ಒಂದೇ ಸಂಗತಿ. ಎಷ್ಟೇ ಗಲಾಟೆಯ ಮಗುವಾದರೂ ತಕ್ಕಡಿಯ ಹಲಗೆ ಹತ್ತಿದ ಕೂಡಲೆ ಸುಮ್ಮನಾಗುತ್ತದೆ. ಮುಳ್ಳು ನಡುಗಿ ನಡುಗಿ ಒಂದು ಕಡೆ ನಿಲ್ಲುವವರೆಗೆ ನಾವಿಬ್ಬರೂ ಮಾತಾಡುವುದಿಲ್ಲ. ದಿನಕ್ಕೆ ಇನ್ನೂರು ಮಕ್ಕಳು, ಎರಡೆರಡು ಸಲ. ಅಷ್ಟು ಮೌನ ಬೇರೆ ಯಾವ ಕೆಲಸದಲ್ಲಿಯೂ ನನಗೆ ಸಿಗುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರುವ ಹಿಂದಿನ ವರ್ಷ ಇಲಾಖೆಯಿಂದ ಒಂದು ಸುತ್ತೋಲೆ ಬಂದಿತ್ತು. ಅದರಲ್ಲಿ ಮಗುವಿನ ಸರ್ವಾಂಗೀಣ ವಿಕಾಸ ಎಂದಿತ್ತು. ಊರಿನವರು ಅದನ್ನು ಮಧ್ಯಾಹ್ನದ ಕ್ಲಾಸು ಎಂದರು. ಊಟದ ಬಿಡುವಾದ ಮೇಲೆ ಪುಸ್ತಕ ಮುಚ್ಚಿಟ್ಟು ಮಕ್ಕಳಿಗೆ ಕೋಲಾಟ, ಮಣ್ಣಿನ ಕೆಲಸ, ಹಾಡು, ಈಜು, ತರಕಾರಿ ತೋಟ, ನಾಟಕ. ಮುಖ್ಯೋಪಾಧ್ಯಾಯಿನಿ ವನಮಾಲಾ ಮೇಡಂ ಇದನ್ನು ಮನಸ್ಸಿಟ್ಟು ಮಾಡಿಸುತ್ತಿದ್ದರು. "ಮಗು ಪೂರ್ತಿ ಬರ್ಬೇಕು ಕಣ್ರೀ, ಅರ್ಧಂಬರ್ಧ ಬಂದ್ರೆ ನಾವು ಪಾಠ ಹೇಳೋದು ಯಾರಿಗೆ?" ಎನ್ನುವುದು ಅವರ ಮಾತು. ಯಾವ ಮಗು ಯಾವುದರಲ್ಲಿ ಬರುತ್ತದೆ ಎನ್ನುವುದನ್ನು ಮೊದಲೇ ಹೇಳಲು ಬರುತ್ತಿರಲಿಲ್ಲ. ಒಬ್ಬಳು ಕೋಲಾಟದ ಮೊದಲ ಸುತ್ತಿನಲ್ಲೇ ಮೂರು ಕಿಲೋ ಬಂದಳು. ಒಬ್ಬ ಹುಡುಗನಿಗೆ ಹಾಡಿನಲ್ಲಿ ಬರಲಿಲ್ಲ, ಹಾರ್ಮೋನಿಯಂ ಒರೆಸಿ ಪೆಟ್ಟಿಗೆಯಲ್ಲಿಡುವುದರಲ್ಲಿ ಬಂತು. ಅವನಿಗೆ ದಿನಾ ಅದೇ ಕೆಲಸ ಕೊಟ್ಟೆವು. ಸಂಜೆ ತೂಗುವಾಗ ಮುಳ್ಳು ಮನೆಯ ಅಂಕಿ ಮುಟ್ಟಿತೆಂದರೆ ಮೇಡಂ ತಾವೇ ಬಂದು ಮಗುವನ್ನು ಹಲಗೆಯಿಂದ ಎತ್ತಿ ಇಳಿಸುತ್ತಿದ್ದರು, "ಅಯ್ಯಪ್ಪಾ, ಸೊಂಟ ಹೋಯ್ತು" ಎಂದು ನಗುತ್ತ.

ಮಾರ್ಚಿ ತಿಂಗಳಲ್ಲಿ ಇಲಾಖೆಯಿಂದ ಪರೀಕ್ಷಕರು ಬಂದು ತಮ್ಮದೇ ತಕ್ಕಡಿಯಲ್ಲಿ ಎಲ್ಲರನ್ನೂ ತೂಗುತ್ತಾರೆ. ಮನೆಯ ತೂಕದ ಮುಕ್ಕಾಲು ಪಾಲಾದರೂ ಶಾಲೆಗೆ ಬಂದಿರಬೇಕು. ಲಂಗದ ಅಂಚಿನಲ್ಲಿ ಕಲ್ಲು ಹೊಲಿದು ಕಳಿಸುವ ತಾಯಂದಿರು ಪ್ರತಿ ವರ್ಷ ಇದ್ದೇ ಇರುತ್ತಾರೆ, ಪರೀಕ್ಷಕರು ಅಂಚು ಹಿಸುಕಿ ನೋಡುವುದನ್ನೂ ಬಿಡುವುದಿಲ್ಲ. ಎರಡು ವರ್ಷ ಒಂದೇ ಸಮನೆ ಮುಕ್ಕಾಲು ಮುಟ್ಟದ ಮಗುವನ್ನು ಕೆರೆಯಾಚೆಯ ವಸತಿ ಶಾಲೆಗೆ ಕಳಿಸುತ್ತಾರೆ. ಅಲ್ಲಿ ಉಳಿಕೆಯ ಗೊಡವೆ ಇಲ್ಲ. ಮನೆಯೇ ಇಲ್ಲದ ಮೇಲೆ ಬಿಟ್ಟು ಬರುವುದೆಲ್ಲಿ. ಅಲ್ಲಿ ಊಟ ಚೆನ್ನಾಗಿದೆ, ಪಾಠ ಚೆನ್ನಾಗಿದೆ, ಎಲ್ಲರೂ ಪಾಸಾಗುತ್ತಾರೆ. ನಾನು ಓದಿದ್ದೂ ಅಲ್ಲೇ. ವರ್ಷಕ್ಕೊಂದು ಸಲ ರಜೆಗೆ ಬಂದಾಗ ಅಮ್ಮ ನನ್ನನ್ನು ಮಂಚದ ಮೇಲೆ ಕೂರಿಸಿ, ಕೈಯನ್ನು ಮಂಚದಡಿ ತೂರಿಸಿ ಹಗ್ಗ ಮುಟ್ಟಿ ನೋಡುತ್ತಿದ್ದಳು. ಹಗ್ಗ ತಗ್ಗಿರುತ್ತಿರಲಿಲ್ಲ. ಎದ್ದು ಹೋಗಿ ಒಲೆಯ ಮುಂದೆ ಕೂರುತ್ತಿದ್ದಳು.

ಮಾದೇವಿ ಐದನೇ ತರಗತಿಯ ಹುಡುಗಿ. ಜೊಂಡಿನ ಚಾಪೆ ಹೆಣೆಯುವ ಸಾಕಮ್ಮನ ಒಬ್ಬಳೇ ಮಗಳು. ಮನೆಯಲ್ಲಿ ಇಪ್ಪತ್ತೆಂಟು ಕಿಲೋ, ಶಾಲೆಯಲ್ಲಿ ಹತ್ತೊಂಬತ್ತು. ಮುಕ್ಕಾಲು ಎಂದರೆ ಇಪ್ಪತ್ತೊಂದು. ಹಿಂದಿನ ವರ್ಷ ಎರಡು ಕಿಲೋ ಸಾಲದೆ ಹೋಗಿತ್ತು. ಈ ವರ್ಷವೂ ಸಾಲದಿದ್ದರೆ ಅವಳು ಕೆರೆಯಾಚೆ ಹೋಗಬೇಕು.

"ಎಷ್ಟು ಸಾರ್?" ಎಂದು ದಿನಾ ಕೇಳುತ್ತಿದ್ದಳು.

"ಹತ್ತೊಂಬತ್ತು."

"ನೆನ್ನೆನೂ ಅಷ್ಟೇ."

"ಹೂಂ."

ಅವಳ ಹಿಂದಿನ ಹುಡುಗ ಸಾಲಿನಿಂದ ಇಣುಕಿ, "ಮಾದೇವಿ, ಊದಿದ್ರೆ ಹಾರೋಯ್ತೀಯ ಕಣೇ" ಎಂದ.

"ಊದು ನೋಡಾನ."

ಅವನು ಕೆನ್ನೆ ಉಬ್ಬಿಸಿ ಊದಿದ. ಮಾದೇವಿ ಕಣ್ಣು ಮಿಟುಕಿಸದೆ ನಿಂತಿದ್ದಳು. "ಹಲ್ಲುಜ್ಕೊಂಡ್ ಬಾ ನಾಳೆಯಿಂದ" ಎಂದು ಹೇಳಿ ಚೀಲ ಎತ್ತಿಕೊಂಡು ಒಳಗೆ ಹೋದಳು.

ಮಧ್ಯಾಹ್ನದ ಕ್ಲಾಸಿನಲ್ಲಿ ಅವಳನ್ನು ಹಾಕದ ಕಡೆಯಿಲ್ಲ. ಕೋಲಾಟದಲ್ಲಿ ಒಂದು ಹೆಜ್ಜೆ ತಪ್ಪಲಿಲ್ಲ. ಮಣ್ಣಿನಲ್ಲಿ ಎತ್ತು ಮಾಡಿದಳು, ಅದಕ್ಕೆ ಮೂಗುದಾರವನ್ನೂ ಹಾಕಿದಳು. ನಾಟಕದಲ್ಲಿ ರಾಣಿಯ ಮಾತನ್ನೆಲ್ಲ ಎರಡೇ ದಿನದಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದಳು. ಈಜಿಗೆ ಇಳಿಸಿದರೆ ನೀರಿನ ಮೇಲೆ ಎಲೆಯಂತೆ ತೇಲಿದಳು. ಸಂಜೆ ತೂಗಿದರೆ ಹತ್ತೊಂಬತ್ತು.

"ಈ ಹುಡುಗಿಗೆ ಯಾವುದೂ ಹಿಡಿಸ್ತಿಲ್ವೇನ್ರೀ?" ಎಂದು ಮೇಡಂ ನನ್ನನ್ನು ಕೇಳಿದರು.

"ಎಲ್ಲಾ ಮಾಡ್ತಾಳೆ ಮೇಡಂ. ಚೆನ್ನಾಗೇ ಮಾಡ್ತಾಳೆ."

"ಚೆನ್ನಾಗಿ ಮಾಡೋದು ಯಾರಿಗೆ ಬೇಕು. ಬರ್ಲಿ ಅವಳು." ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಮನೇಲಿ ಏನಿದೆ ನೋಡ್ಕೊಂಡ್ ಬನ್ನಿ. ಬರೀ ತೂಕ ಬರ್ಕೊಂಡು ಬಂದ್ಬಿಡ್ತೀರಿ ನೀವು."

ಅದು ನಿಜ. ಪ್ರತಿ ತಿಂಗಳು ನಾನು ಅವರ ಬೀದಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತಿತ್ತು. ಮಾದೇವಿ ತಲೆ ಬಾಚಿಕೊಂಡು ಜಗಲಿಯಲ್ಲೇ ಕಾಯುತ್ತಿದ್ದಳು. ಜಗಲಿಯ ಜಂತೆಗೇ ತಕ್ಕಡಿ ಸಿಕ್ಕಿಸಿ, ತೂಗಿ, ಮುಂದಿನ ಮನೆಗೆ ಹೋಗುತ್ತಿದ್ದೆ. ಒಳಗೆ ಇಣುಕಿದ್ದಿಲ್ಲ. ಇನ್ನೊಬ್ಬರ ಮನೆಯೊಳಗೆ ನೋಡುವುದು ನನ್ನಿಂದ ಆಗುವುದಿಲ್ಲ.

ಡಿಸೆಂಬರಿನಲ್ಲಿ ಒಂದು ಭಾನುವಾರ ಸರದಿ ಬದಲಿಸಿ ಬೆಳಿಗ್ಗೆಯೇ ಮೊದಲು ಅಲ್ಲಿಗೆ ಹೋದೆ. ಬಾಗಿಲು ತೆರೆದಿತ್ತು. ಒಳಗೆ ನಡುಮನೆಯ ಉದ್ದಕ್ಕೂ ನೆಲದ ಮೇಲೆ ಚಾಪೆಯ ಮಗ್ಗ. ಎರಡು ಬಿದಿರಿನ ನಡುವೆ ಹುರಿಗಳನ್ನು ಎಳೆದು ಕಟ್ಟಿತ್ತು. ಒಂದು ಬಿದಿರನ್ನು ಗೂಟಕ್ಕೆ ಬಿಗಿದಿದ್ದರು. ಇನ್ನೊಂದನ್ನು ಬಿಗಿದಿರಲಿಲ್ಲ, ಹುರಿಗಳು ಸಡಿಲವಾಗದಂತೆ ಅದರ ಮೇಲೆ ಮಾದೇವಿ ಕೂತಿದ್ದಳು. ಸಾಕಮ್ಮ ಬಗ್ಗಿ ಹುರಿಗಳ ನಡುವೆ ಒಂದೊಂದೇ ಜೊಂಡು ತೂರಿಸಿ, ಹಲಗೆಯಿಂದ ತಟ್ಟಿ ಕೂರಿಸುತ್ತಿದ್ದಳು. ಪ್ರತಿ ನಾಲ್ಕೈದು ಜೊಂಡಿಗೆ ಒಂದು ಸಲ ಮಾದೇವಿ, ಯಾರೂ ಹೇಳದೆಯೇ, ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ನಾನು ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ನನ್ನನ್ನು ಕಂಡು ಮಾದೇವಿ ಎದ್ದಳು. ಸಾಕಮ್ಮ ಕೈ ನಿಲ್ಲಿಸಿ, ಪಕ್ಕದಲ್ಲಿದ್ದ ಗುಂಡುಕಲ್ಲನ್ನು ಬಿದಿರಿನ ಮೇಲೆ ಉರುಳಿಸಿದಳು. ಜೋಳಿಗೆಯಲ್ಲಿ ಕೂರಿಸಿ ತೂಗಿದೆ. ಇಪ್ಪತ್ತೆಂಟು.

"ಇವಳು ಶಾಲೆಗೆ ಬಂದಾಗ ಏನ್ ಮಾಡ್ತೀರಮ್ಮ? ಈ ಕಲ್ಲೇ ಇಡ್ತೀರಾ?" ಎಂದು ಕೇಳಿದೆ.

"ಕಲ್ಲಿಟ್ರೆ ನೇಯಕ್ಕಾಗಕಿಲ್ಲ ಸಾ. ಕಲ್ಲು ಸರಿಯಾಕಿಲ್ವಲ್ಲ. ನೇಯ್ಗೆ ಬಿಗಿಯಾಯ್ತಾ ಬಂದಂಗೆ ಹಿಂದಕ್ ಸರೀಬೇಕು. ಕೈ ತಡದಾಗ ಇಡಕ್ಕೆ ಮಾತ್ರ ಕಲ್ಲು."

"ಮತ್ತೆ?"

ಸಾಕಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು, ಗೊತ್ತಿದ್ದೂ ಕೇಳುತ್ತಿದ್ದೇನೆ ಎಂಬಂತೆ. "ಇವ್ಳೇ ಕೂತ್ಕತಾಳೆ" ಎಂದಳು.

ಮಾದೇವಿ ಜೋಳಿಗೆಯಿಂದ ಇಳಿದು ಲಂಗ ಕೊಡವಿಕೊಂಡಳು. ನನ್ನ ಕಡೆ ನೋಡಲಿಲ್ಲ.

"ನಿಮ್ಮ ಯಜಮಾನ್ರು ಕೂರಬಾರದಾ?"

"ಅವ್ರು ಕೂತ್ರೆ ಗೊರಕೆ ಹೊಡೀತಾರೆ. ಕೆರೇಲಿ ಜೊಂಡು ಕೊಯ್ದು ಬಂದಿರ್ತಾರೆ, ಪಾಪ. ಒಂದ್ಸಲ ಮಕಾಡೆ ಬಿದ್ದು ಮೂಗು ಒಡಕಂಡ್ರು." ಅವಳು ಸ್ವಲ್ಪ ನಕ್ಕು, ಮತ್ತೆ ಜೊಂಡು ಕೈಗೆತ್ತಿಕೊಂಡಳು. ಮಾದೇವಿ ಹೋಗಿ ಕಲ್ಲನ್ನು ತಳ್ಳಿ ತನ್ನ ಜಾಗದಲ್ಲಿ ಕೂತಳು.

ನಾನು ಸೋಮವಾರ ಮೇಡಂಗೆ ಕಂಡದ್ದನ್ನು ಕಂಡಹಾಗೆ ಬರೆದು ಕೊಟ್ಟೆ. ಅರ್ಧ ಪುಟದ ವರದಿ. ಅದನ್ನು ಬರೆಯುವಾಗ ನನಗೆ ಒಂದು ಅಕ್ಷರದ ಅಳುಕೂ ಇರಲಿಲ್ಲ. ಮೇಡಂ ಓದಿ ಮೇಜಿಗೆ ಅಂಗೈ ಬಡಿದರು. "ಇಷ್ಟು ದಿನ ಹುಡುಗೀನ ನೀರಿಗಿಳಿಸ್ತಿದ್ವಲ್ರೀ. ಚಾಪೆ ಹೆಣೆಸೋಣ." ಬಡಗಿಯನ್ನು ಕರೆಸಿದರು. ಸಂಕ್ರಾಂತಿ ಕಳೆದ ವಾರ ಮಣ್ಣಿನ ಕೆಲಸದ ಕೋಣೆಯಲ್ಲಿ ಹೊಸ ಮಗ್ಗ ಬಂದು ಕೂತಿತು. ಕೆರೆಯಿಂದ ಎರಡು ಹೊರೆ ಜೊಂಡೂ ಬಂತು.

ಆ ದಿನ ಮಧ್ಯಾಹ್ನ ಮೇಡಂ ನನ್ನನ್ನೂ ಕರೆದಿದ್ದರು. ಮಾದೇವಿ ಬಾಗಿಲಲ್ಲಿ ನಿಂತು ಮಗ್ಗವನ್ನು ನೋಡಿದಳು. ಹತ್ತಿರ ಹೋಗಿ ಒಂದು ಹುರಿಯನ್ನು ಬೆರಳಿನಿಂದ ಮೀಟಿದಳು. ಆಮೇಲೆ ಬಿದಿರಿನ ಕಡೆ ಹೋಗಿ ಕೂರಲು ಹೊರಟಳು. ಅವಳಿಗೆ ಗೊತ್ತಿದ್ದ ಜಾಗ ಅದೇ.

"ಅಲ್ಲಲ್ಲ" ಎಂದರು ಮೇಡಂ. "ಅಲ್ಲಿ ಇನ್ಯಾರಾದ್ರೂ ಕೂತ್ಕೋತಾರೆ. ನೀನು ಹೆಣಿ."

"ನಾನಾ?"

"ನೀನೇ. ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?"

"ಇಲ್ಲ. ನಾನು ಬಿದಿರಿಗೆ."

ಅವಳು ಹುರಿಗಳ ಮುಂದೆ ಕೂತಳು. ಒಂದು ಜೊಂಡನ್ನು ಆರಿಸಿ, ತುದಿಯನ್ನು ಹಲ್ಲಿನಿಂದ ಕಡಿದು, ಒಂದು ಹುರಿಯ ಮೇಲೆ ಒಂದರ ಕೆಳಗೆ ತೂರಿಸಿದಳು. ಯಾರೂ ಹೇಳಿಕೊಡಬೇಕಾಗಲಿಲ್ಲ. ಅಷ್ಟು ವರ್ಷ ಎದುರಿಗೆ ಕೂತು ನೋಡಿದ್ದಳಲ್ಲ. ಹಲಗೆ ತೆಗೆದು ತಟ್ಟಿದಳು. ನಾಲ್ಕನೆಯದೋ ಐದನೆಯದೋ ಜೊಂಡು ಹಾಕುವಾಗ ಅವಳು ಕೂತಿದ್ದ ಮಣೆ ಕಿರ್ ಎಂದಿತು. ಮೇಡಂ ನನ್ನ ಮುಖ ನೋಡಿದರು. ಮಾದೇವಿಗೆ ಅದು ಕೇಳಿಸಲಿಲ್ಲ. ಅವಳ ಬಾಯಿ ಸ್ವಲ್ಪ ತೆರೆದಿತ್ತು, ಹಣೆಯ ಮೇಲೆ ಬೆವರಿತ್ತು. ಅಷ್ಟು ದಿನ ಹಲಗೆಯ ಮೇಲೆ ನಾನು ನೋಡಿದ್ದ ಹುಡುಗಿ ಇವಳೇ ಎಂದು ಹೇಳುವುದು ಕಷ್ಟವಾಗಿತ್ತು.

ಸಂಜೆ ಮುಳ್ಳು ಇಪ್ಪತ್ತೆಂಟಕ್ಕೆ ಹೋಗಿ ನಿಂತಿತು. ಮೇಡಂ ಎತ್ತಿ ಇಳಿಸಿದರು. ಮಾದೇವಿ ಮಾತ್ರ ಆ ಅಂಕಿಯನ್ನೇ ನೋಡುತ್ತಿದ್ದಳು. ಚೀಲವನ್ನೂ ತೆಗೆದುಕೊಳ್ಳದೆ ಓಡಿದಳು. ಅವಳು ಓಡುವಾಗ ಹೆಜ್ಜೆಯ ಸಪ್ಪಳ ಕೇಳಿಸಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಸಾಕಮ್ಮ ಮಗಳ ಜೊತೆ ಬಂದಳು. ತಲೆಯ ಮೇಲೆ ಸುರುಳಿ ಸುತ್ತಿದ ಚಾಪೆ. ಅದನ್ನು ಮೇಡಂ ಕೋಣೆಯ ನೆಲದ ಮೇಲೆ ಬಿಚ್ಚಿ ಹಾಸಿದಳು. ಮದುವೆಯ ಚಾಪೆ. ಅಂಚಿನಲ್ಲಿ ಕೆಂಪು ಜೊಂಡಿನ ಬಳ್ಳಿ, ನಡುವೆ ಎರಡು ನವಿಲು. ಮೂರು ವಾರದ ಕೆಲಸ. ಎರಡನೆಯ ನವಿಲಿನ ಕುತ್ತಿಗೆಯ ಹತ್ತಿರ ಹುರಿಗಳು ಸುರುಟಿ, ಕೆಲವು ಹರಿದು, ಅಲ್ಲಿಂದಾಚೆ ಇಡೀ ಚಾಪೆ ಸೊಟ್ಟಗಾಗಿತ್ತು.

"ಬಿದಿರು ಎದ್ಬುಡ್ತು ಮೇಡಮ್ನೋರೆ. ನಾನು ಬಗ್ಗಿದ್ದೆ" ಎಂದಳು ಸಾಕಮ್ಮ. ಅವಳ ಗಲ್ಲದ ಮೇಲೆ ಉದ್ದಕ್ಕೆ ಕೆಂಪು ಬರೆ ಇತ್ತು.

ಮೇಡಂ ಬಗ್ಗಿ ಚಾಪೆ ಮುಟ್ಟಿದರು. "ನಮಗೆ ಹೊಳೀಲಿಲ್ಲಮ್ಮ. ಇಲ್ಲಿ ಬಂದ್ರೆ ಅಲ್ಲಿರಲ್ಲ ಅನ್ನೋದು..." ಎಂದು ನಿಲ್ಲಿಸಿದರು. ಅಷ್ಟು ಸಲೀಸಾದ ಸಂಗತಿ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಮಕ್ಕಳು ಪೂರ್ತಿ ಬಂದ ಸಂಜೆಗಳನ್ನೆಲ್ಲ ನಾನು ಬರೆದುಕೊಂಡಿದ್ದೆ. ಆ ಹೊತ್ತಿನಲ್ಲಿ ಅವರ ಮನೆಗಳಲ್ಲಿ ಏನು ಎದ್ದಿತು, ಏನು ಬಿದ್ದಿತು ಎಂದು ಕೇಳಿರಲಿಲ್ಲ.

"ನಿಮ್ದೇನ್ ತಪ್ಪು. ಅವ್ಳು ಎದ್ದೋದ್ಲು, ಅಷ್ಟೇಯ" ಎಂದಳು ಸಾಕಮ್ಮ. ಆಮೇಲೆ, "ನೆನ್ನೆ ಇವ್ಳು ನೇಯ್ದಿದ್ದು ತೋರಿಸ್ರಿ" ಎಂದಳು.

ಕರೆದುಕೊಂಡು ಹೋದೆ. ಮಗ್ಗದ ಮೇಲೆ ನಾಲ್ಕು ಬೆರಳಿನಷ್ಟು ಚಾಪೆ ಇತ್ತು. ಸಾಕಮ್ಮ ಅದರ ಮೇಲೆ ಉಗುರು ಎಳೆದಳು, ಅಂಚನ್ನು ಹಿಡಿದು ಜಗ್ಗಿದಳು. ಮಾದೇವಿ ಬಾಗಿಲಿನ ಹಿಂದೆ ನಿಂತಿದ್ದಳು. "ಬಿಗಿ ಐತೆ" ಎಂದಳು ಸಾಕಮ್ಮ, ಯಾರಿಗೂ ಅಲ್ಲವೆಂಬಂತೆ. ಹಾಳಾದ ಚಾಪೆ ಸುತ್ತಿಕೊಂಡು ಹೋದಳು.

ಅಂದಿನಿಂದ ಮಾದೇವಿ ಆ ಕೋಣೆಗೆ ಹೋಗಲಿಲ್ಲ. ಮುಳ್ಳು ಮತ್ತೆ ಹತ್ತೊಂಬತ್ತಕ್ಕೆ ಬಂತು. ಫೆಬ್ರುವರಿಯಲ್ಲಿ ಮೇಡಂ ಒಂದು ಉಪಾಯ ಹೇಳಿದರು. ಪರೀಕ್ಷಕರು ಬರುವ ಒಂದು ದಿನ ಸಾಕಮ್ಮ ಮಗ್ಗ ಖಾಲಿ ಬಿಟ್ಟು ಸುಮ್ಮನಿದ್ದರಾಯಿತಲ್ಲ, ಬಿದಿರಿಗೆ ಯಾರೂ ಬೇಕಾಗುವುದಿಲ್ಲ. ಸರಿಯೆನಿಸಿತು. ಒಂದು ಬುಧವಾರ ಪ್ರಯತ್ನ ಮಾಡಿ ನೋಡಿದೆವು. ಸಾಕಮ್ಮ ಮಗ್ಗ ಬಿಚ್ಚಿಟ್ಟು, ನಡುಮನೆಯಲ್ಲಿ ಕೈಕಟ್ಟಿ ಕೂತಿದ್ದಳು. ಅಂದು ಮಾದೇವಿ ಹದಿನೇಳು ಕಿಲೋ ತೂಗಿದಳು. ಕೆಲಸವಿಲ್ಲದ ಅಮ್ಮನ ಹತ್ತಿರ ಇನ್ನೂ ಎರಡು ಕಿಲೋ ಹೆಚ್ಚು ಉಳಿದಿತ್ತು.

ಹಲಗೆಯಿಂದ ಇಳಿಯುತ್ತ ಅವಳೇ ಮಾತು ತೆಗೆದಳು. "ಸಾರ್, ಕೆರೆಯಾಚೆ ಸ್ಕೂಲಲ್ಲಿ ಚಾಪೆ ಐತಾ?"

"ಇಲ್ಲ."

"ಏನೈತೆ?"

ಯೋಚಿಸಿದೆ. "ಊಟ ಚೆನ್ನಾಗಿರುತ್ತೆ" ಎಂದೆ.

ಅವಳು ತಲೆಯಾಡಿಸಿದಳು. ಸ್ವಲ್ಪ ದೂರ ಹೋದವಳು ತಿರುಗಿ ಬಂದಳು. "ಮನೇಲಿ ಬಿದಿರಿನ್ಮೇಲೆ ಯಾರಾರ ಸರಿಯಾಗ್ ಕೂತ್ಕೊಂಡ್ರೆ ನಾನು ಇಲ್ಲಿಗೆ ಪೂರ್ತಿ ಬತ್ತೀನಿ ಸಾರ್. ಬರಕ್ಕೆ ಆಸೆ ಇಲ್ಲ ಅಂತಲ್ಲ."

"ಯಾರು ಕೂತ್ರೆ ಆಗುತ್ತೆ?"

"ಮಾತಾಡ್ದೆ ಇರೋರು. ಪಕ್ಕದ್ಮನೆ ಅಕ್ಕಯ್ಯನ್ನ ಕೂರ್ಸಿದ್ವಿ. ಬಾಯಿ ಬಿಟ್ರೆ ಬಿದಿರು ಕುಣೀತದೆ."

ಊರಿನಲ್ಲಿ ಮಾತಾಡದೆ ಇರುವವನು ನಾನೊಬ್ಬನೇ ಎಂದು ಅವಳು ಹೇಳಲಿಲ್ಲ. ನನ್ನನ್ನು ನೋಡುತ್ತ ನಿಂತಿದ್ದಳು, ಅಷ್ಟೇ. ಇಡೀ ದಿನ ಬಾಯಿ ಮುಚ್ಚಿಕೊಂಡು ಒಂದು ಕಡೆ ಕೂರುವ ಕೆಲಸಕ್ಕೆ ನನಗಿಂತ ತಕ್ಕವರಿಲ್ಲ ಎಂದು ನನಗೂ ಅನಿಸಿತು. ಆ ಭಾನುವಾರ ತಕ್ಕಡಿ ಮನೆಯಲ್ಲೇ ಬಿಟ್ಟು ಅವರಲ್ಲಿಗೆ ಹೋದೆ.

ಮಗ್ಗದ ಮೇಲೆ ಹೊಸ ಚಾಪೆ ಶುರುವಾಗಿತ್ತು. ಮಾದೇವಿ ಎದ್ದು ಜಾಗ ಬಿಟ್ಟಳು. ನಾನು ಪಂಚೆ ಎತ್ತಿ ಕಟ್ಟಿ ಬಿದಿರಿನ ಮೇಲೆ ಕೂತೆ. ಸಾಕಮ್ಮ ಎರಡು ಜೊಂಡು ಹಾಕಿದಳು. ಮೂರನೆಯದನ್ನು ತಟ್ಟುವಷ್ಟರಲ್ಲಿ ಬಿದಿರು ನನ್ನನ್ನು ಹೊತ್ತುಕೊಂಡೇ ಮೇಲಕ್ಕೆದ್ದಿತು.

"ಸಾ, ಕೂತ್ಕಳಿ" ಎಂದಳು ಸಾಕಮ್ಮ.

"ಕೂತಿದೀನಲ್ಲ."

"ಇಲ್ಲ ಸಾ. ಬಟ್ಟೆ ಕೂತೈತೆ."

ಮಾದೇವಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನು ಪಂಚೆ ಸರಿಮಾಡಿಕೊಂಡು ಮತ್ತೆ ಕೂತೆ. ಮತ್ತೆ ಎದ್ದಿತು. ನಾನು ಐವತ್ತೆಂಟು ಕಿಲೋ ಇರಬೇಕೆಂದು ಅಂದುಕೊಂಡಿದ್ದೆ. ಎಲ್ಲಿಯ ಅಂದಾಜೋ. ಬಿದಿರಿನ ಮೇಲೆ ಕೂತು ನಾನು ಕೂತಿರುವುದನ್ನು ನೋಡುತ್ತಿದ್ದೆ, ಆ ಮನೆಯ ಮೌನ ಎಂಥದ್ದೆಂದು ಯೋಚಿಸುತ್ತಿದ್ದೆ, ಅದನ್ನು ಹೇಗೆ ಬರೆಯಬಹುದೆಂದು ನೋಡುತ್ತಿದ್ದೆ. ಬಿದಿರಿಗೆ ಅದೆಲ್ಲ ತೂಕವಲ್ಲ.

"ಸಾರ್, ಅಮ್ಮನ್ ಮಕ ನೋಡ್ಬ್ಯಾಡಿ" ಎಂದಳು ಮಾದೇವಿ. ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೇಷ್ಟ್ರಂತೆ ಬೆರಳು ತೋರಿಸಿದಳು. "ಜೊಂಡು ನೋಡಿ. ಅದು ಒಳಕ್ ಹೋಗೋ ಹೊತ್ತಿಗೆ ನೀವು ಹಿಂದಕ್ ಹೋಗಿರ್ಬೇಕು. ಎಳೆದ್ಮೇಲೆ ಹೋದ್ರೆ ತಡ ಆಯ್ತದೆ."

ಅಂದು ಆಗಲಿಲ್ಲ. ಆಮೇಲಿನ ಸಂಜೆಗಳಲ್ಲಿ ಶಾಲೆ ಮುಗಿದ ಮೇಲೆ ಹೋಗಿ ಕೂತೆ. ಮಾದೇವಿಯ ಅಪ್ಪ ಜೊಂಡಿನ ಹೊರೆ ಇಳಿಸಿ, ನನ್ನನ್ನು ನೋಡಿ, "ಇವತ್ತು ಎಷ್ಟ್ ಹೊತ್ತು ಕೂತ್ರಿ ಮೇಷ್ಟ್ರೇ?" ಎಂದು ಕೇಳುತ್ತಿದ್ದ. ಹತ್ತು ಜೊಂಡು. ಇಪ್ಪತ್ತು. ಒಂದು ಸಂಜೆ ಒಂದು ಗೇಣು ನೇಯ್ಗೆಯಾಗುವವರೆಗೆ ಬಿದಿರು ಅಲುಗಲಿಲ್ಲ. ಅದು ನನಗೆ ಗೊತ್ತಾದದ್ದು ಕಾಲು ಜೋಮು ಹಿಡಿದ ಮೇಲೆ. ಆ ಒಂದು ಗೇಣಿನ ಹೊತ್ತು ನಾನು ಏನು ಯೋಚಿಸಿದೆ ಎಂದು ಆಮೇಲೆ ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಸಾಕಮ್ಮ ಹೊಗಳಲಿಲ್ಲ. "ನಾಳೆನೂ ಬರ್ರಿ" ಎಂದಳು.

ಪರೀಕ್ಷಕರು ಬರುವ ದಿನಕ್ಕೆ ರಜೆ ಚೀಟಿ ಕೊಟ್ಟಾಗ ಮೇಡಂ ನನ್ನನ್ನು ದುರುಗುಟ್ಟಿ ನೋಡಿದರು.

"ತೂಕದ ದಿನಾನೇ ತೂಕದ ಮೇಷ್ಟ್ರಿಗೆ ರಜಾನಾ? ಪರೀಕ್ಷಕರಿಗೆ ನಾನೇನ್ರೀ ಹೇಳ್ಲಿ?"

ಅವಳ ಬದಲು ಬಿದಿರಿನ ಮೇಲೆ ನಾನು ಕೂರುವುದನ್ನು ಹೇಳಿದೆ. ಅವರು ಕೇಳಿ ಚೀಟಿಯ ಮೇಲೆ ಸಹಿ ಹಾಕಿದರು. "ಐದನೇ ಕ್ಲಾಸಿನ ಸರದಿ ಎರಡು ಗಂಟೆಗೆ. ಒಂದಕ್ಕೇ ಅವಳನ್ನ ಮಗ್ಗದ ಮುಂದೆ ಕೂರಿಸ್ತೀನಿ. ಮಿಕ್ಕಿದ್ದು ನಿಮ್ಮ ಕಡೆ."

ಆ ಬೆಳಿಗ್ಗೆ ಮಾದೇವಿ ಶಾಲೆಗೆ ಹೊರಟ ಮೇಲೆ ನಾನು ಹೋಗಿ ಕೂತೆ. ಬಿದಿರಿನ ಎಡತುದಿ ಆಗಲೇ ತಗ್ಗಿತ್ತು. ಒಂಬತ್ತು ಕಿಲೋ ಅಲ್ಲಿತ್ತು. ನಾನು ಬಲಕ್ಕೆ ಕೂತೆ. ಸಾಕಮ್ಮ ಕೆಲಸ ಶುರುಮಾಡಿದಳು. ನಡುನಡುವೆ ಎಡಗಡೆ ನೋಡಿ ಮಾತಾಡುತ್ತಿದ್ದಳು. "ಸೆಕೆ ಶುರುವಾಯ್ತು ನೋಡು." "ಆ ಕೆಂಪ್ ಜೊಂಡು ಸಾಲಾಕಿಲ್ಲ ಅನ್ನಿಸ್ತದೆ." ನನ್ನೊಂದಿಗೆ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ನಾವಿಬ್ಬರೂ, ನಾನೂ ಆ ಒಂಬತ್ತು ಕಿಲೋವೂ, ಜೊಂಡು ನೋಡುತ್ತ ಜೊತೆಜೊತೆಯಾಗಿ ಹಿಂದಕ್ಕೆ ಸರಿದೆವು.

ಹನ್ನೆರಡಕ್ಕೆ ಕಲ್ಲಿಟ್ಟು ಮುದ್ದೆ ಉಂಡೆವು. ಮತ್ತೆ ಕೂತೆವು. ಶಾಲೆಯ ಗಂಟೆ ಅಲ್ಲಿಗೆ ಕೇಳುತ್ತದೆ. ಒಂದು ಹೊಡೆಯಿತು. ಮಾದೇವಿ ಈಗ ಮಗ್ಗದ ಮುಂದೆ ಕೂತಿರುತ್ತಾಳೆ. ಎಡತುದಿ ತಗ್ಗಿಯೇ ಇತ್ತು. ಸಾಕಮ್ಮನ ಕೈ ಓಡುತ್ತಿತ್ತು, ಆದರೆ ಹಲಗೆಯ ಪೆಟ್ಟು ಮೊದಲಿನಷ್ಟು ಸಮವಾಗಿರಲಿಲ್ಲ. ಒಂದೂವರೆಯ ಗಂಟೆಯೂ ಹೊಡೆಯಿತು. ತಗ್ಗಿಯೇ ಇತ್ತು.

ಸಾಕಮ್ಮ ಕೈ ನಿಲ್ಲಿಸಿದಳು. ಎಡಗಡೆ ನೋಡಿದಳು.

"ಹೋಗು" ಎಂದಳು.

ಬಿದಿರು ಅಲುಗಲಿಲ್ಲ.

"ಸಾ ಕೂತವ್ರೆ ನೋಡು. ಸರಿಯಾಗೇ ಕೂತವ್ರೆ. ನಂಗೇನೂ ಆಗಾಕಿಲ್ಲ, ಹೋಗು." ಸ್ವಲ್ಪ ಹೊತ್ತು ಕಾದು, ದನಿ ತಗ್ಗಿಸಿ, "ಸಂಜಿಗೆ ಬಂದೇ ಬತ್ತೀಯಲ್ಲ" ಎಂದಳು.

ಆಮೇಲೆ ಆ ಕಡೆ ನೋಡಲಿಲ್ಲ. ಬಗ್ಗಿ ಒಂದು ಜೊಂಡು ಆರಿಸಿ ಹುರಿಗಳ ನಡುವೆ ತೂರಿಸಿದಳು. ತಟ್ಟಿದಳು. ಇನ್ನೊಂದು. ನಾನು ಜೊಂಡಿನ ತುದಿಯನ್ನೇ ನೋಡುತ್ತಿದ್ದೆ. ಅದು ಮೊದಲ ಹುರಿಯ ಮೇಲೆ, ಎರಡನೆಯದರ ಕೆಳಗೆ, ಮೂರನೆಯದರ ಮೇಲೆ ಹೋಗುತ್ತಿತ್ತು.

ಆಗ ಎಡತುದಿ ಮೇಲಕ್ಕೆ ಬಂತು. ನನ್ನ ತೊಡೆಯ ಕೆಳಗೆ ಬಿದಿರು ಪೂರ್ತಿ ಜೀವ ಬಂದಂತೆ ಒತ್ತಿತು, ಇಡೀ ಚಾಪೆಯ ಎಳೆತ ನನ್ನೊಬ್ಬನ ಮೇಲೆ ಬಿತ್ತು. ನಾನು ನಡುವಿಗೆ ಸರಿದು ಹಿಮ್ಮಡಿ ಊರಿದೆ. ಎದ್ದ ಬಿದಿರು ಒಂದು ಬೆರಳಷ್ಟು ಎತ್ತರದಲ್ಲಿ ತಡೆಯಿತು, ನಿಂತಿತು, ನಿಧಾನಕ್ಕೆ ಇಳಿಯಿತು.

ಸಾಕಮ್ಮನ ಕೈ ನಿಲ್ಲಲಿಲ್ಲ. ಸೆರಗನ್ನು ತೋಳಿನಿಂದಲೇ ಕಣ್ಣಿಗೆ ಒತ್ತಿಕೊಂಡು, ಕೆಂಪು ಜೊಂಡಿಗೆ ಕೈಚಾಚಿದಳು.

"ಹಿಂದಕ್ಕೆ, ಸಾ" ಎಂದಳು.

ನಾನು ಆಗಲೇ ಸರಿದಿದ್ದೆ.